ಕತ್ತಿನ ಆಪರೇಷನ್ ಆಗಿ ವರ್ಷಗಳಾದ ಮೇಲೆ ಮುದ್ದೆ ಗಂಟಲಲ್ಲಿ ನಿಂತರೆ

ನಮ್ಮ ಹಾಸನದ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಹೊರಳಿಸಿ ನುಂಗುತ್ತೇವೆ. ಹಾಗಾಗಿ ಗಂಟಲು ಕೈಕೊಟ್ಟರೆ ಮೊದಲು ಗೊತ್ತಾಗುವುದು ತಟ್ಟೆ ಮುಂದೆಯೇ. ನಮ್ಮ ಮಾವನಿಗೆ ಕತ್ತಿನ ಡಿಸ್ಕ್ ಆಪರೇಷನ್ ಆಗಿ ಆರು ವರ್ಷ ಆಗಿತ್ತು, ಮನೆಯವರೆಲ್ಲ ಮರೆತೇ ಬಿಟ್ಟಿದ್ದೆವು. ಒಂದಿನ ತುತ್ತು ಒಳಗೆ ಇಳಿಯಲಿಲ್ಲ. ಆಮೇಲೆ ಪ್ರತಿ ತುತ್ತಿಗೂ ಒಂದು ಗುಟುಕು ನೀರು ಬೇಕಾಯಿತು. ನಾಲ್ಕು ತಿಂಗಳು ಬರೀ ಗ್ಯಾಸ್ಟ್ರಿಕ್ ಮಾತ್ರೆ. ಡಾಕ್ಟರನ್ನು ಬೈದು ಏನು ಮಾಡುವುದು, ಹಳೇ ಆಪರೇಷನ್ ವಿಷಯ ನಾವೇ ಹೇಳಿರಲಿಲ್ಲ.

ಅದಕ್ಕೇ ಡಾಕ್ಟರಿಗೆ ಮೊದಲು 'ಕತ್ತಲ್ಲಿ ಲೋಹದ ಪ್ಲೇಟ್ ಇದೆ' ಅಂತ ಹೇಳಿ. ಗಾಯದ ಗುರುತು ಕತ್ತಿನ ಮುಂದುಗಡೆ ಇದ್ದರಂತೂ ಮರೆಯಲೇಬೇಡಿ. ಅಲ್ಲಿ ಮೂಳೆಗೆ ಸ್ಕ್ರೂ ಹಾಕಿ ಕೂರಿಸಿದ ಪ್ಲೇಟಿನ ಮುಂದೆಯೇ, ತಾಗಿಕೊಂಡ ಹಾಗೆ, ಅನ್ನನಾಳ ಇರುತ್ತದೆ. ಸ್ಕ್ರೂ ಸಡಿಲವಾಗಿ ಮುಂದೆ ಬಂದರೆ, ಇಲ್ಲಾ ಪ್ಲೇಟಿನ ಅಂಚು ವರ್ಷಗಟ್ಟಲೆ ಉಜ್ಜಿದರೆ, ಅನ್ನನಾಳ ಸವೆದು ತೂತೇ ಬೀಳಬಹುದು. ಅಪರೂಪ, ನಿಜ. ಆದರೆ ಹತ್ತು ವರ್ಷದ ಮೇಲೂ ಆದದ್ದುಂಟು.

ಆಪರೇಷನ್ ಆದ ಹೊಸದರಲ್ಲಿ ನುಂಗಲು ಕಷ್ಟ ಆಗುವುದು ಮಾಮೂಲು, ಹೆಚ್ಚಿನವರಿಗೆ ಕೆಲವು ವಾರದಲ್ಲೋ ತಿಂಗಳಲ್ಲೋ ಕಡಿಮೆ ಆಗುತ್ತದೆ. ಒಮ್ಮೆ ಸರಿಯಾಗಿ, ವರ್ಷಗಳ ಮೇಲೆ ಮತ್ತೆ ಶುರುವಾದರೆ ಸುಮ್ನೆ ಬಿಡಬೇಡಿ. ಉಗುಳು ನುಂಗಿದರೂ ನೋವು, ಧ್ವನಿ ಒಡೆಯುವುದು, ನೀರು ಕುಡಿದರೆ ಕೆಮ್ಮು, ತೂಕ ಇಳಿಯುವುದು, ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ಜ್ವರದ ಜೊತೆ ಕತ್ತು ಊದಿದರೆ, ಉಸಿರು ಕಟ್ಟಿದರೆ, ಚರ್ಮ ಒತ್ತಿದಾಗ ಒಳಗೆ ಚರಚರ ಅಂದರೆ, ಊಟ ನೀರು ನಿಲ್ಲಿಸಿ ಆಗಲೇ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಹಳೇ ಫೈಲ್ ಹುಡುಕಿ. ಡಿಸ್ಚಾರ್ಜ್ ಸಮ್ಮರಿ, ಪ್ಲೇಟಿನ ಕಂಪನಿ, ನಂಬರ್ ಇರುವ ಸ್ಟಿಕ್ಕರ್, ಆಪರೇಷನ್ ಆದ ಹೊಸದರಲ್ಲಿ ತೆಗೆದ ಎಕ್ಸ್‌ರೇ. ನಮ್ಮದು ಬೀರು ಮೇಲೆ ಕಾಫಿ ಎಸ್ಟೇಟಿನ ಕಾಗದಗಳ ಜೊತೆ ಸಿಕ್ಕಿತು. ಈಗ ಕತ್ತಿನ ಪಕ್ಕದಿಂದ ಹೊಸ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕ ಹಿಡಿದು ನೋಡಲು ಕೇಳಿ. ಮಾವನ ಒಂದು ಸ್ಕ್ರೂ ಹೊರಗೆ ಇಣುಕುತ್ತಿದ್ದದ್ದು ನನ್ನ ಕಣ್ಣಿಗೇ ಕಾಣಿಸಿತು! ಆದರೂ ಎಕ್ಸ್‌ರೇ ಸರಿ ಇದೆ ಅಂದಮಾತ್ರಕ್ಕೆ ನಿಶ್ಚಿಂತೆ ಅಲ್ಲ. ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ (ಕ್ಯಾಮೆರಾ ಪೈಪ್ ಗಂಟಲಿಗೆ ಇಳಿಸಿ ನೋಡುವುದು), ಔಷಧ ಕುಡಿಸಿ ತೆಗೆಯುವ ಎಕ್ಸ್‌ರೇ ಬೇಕಾಗಬಹುದು, ಸಣ್ಣ ತೂತು ಒಂದೇ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ತೂತಿನ ಅನುಮಾನ ಇದ್ದರೆ ಸಾಮಾನ್ಯವಾಗಿ ಈ ಎಕ್ಸ್‌ರೇಗೆ ಮೊದಲು ಬೇರಿಯಂ ಅನ್ನುವ ಬಿಳಿ ಔಷಧ ಕೊಡುವುದಿಲ್ಲ, ನೀರಲ್ಲಿ ಕರಗುವ ಔಷಧ ಕೊಡುತ್ತಾರೆ. ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ, ಹಾಗಾಗಿ ಕುಡಿಯುವಾಗ ಕೆಮ್ಮು ಬರುತ್ತದೆ ಅಂತ ಮೊದಲೇ ಹೇಳಿ.

ಇಎನ್‌ಟಿ ಡಾಕ್ಟರ್, ಬೆನ್ನುಮೂಳೆ ಸರ್ಜನ್ ಇಬ್ಬರೂ ಒಟ್ಟಿಗೆ ಇರುವ ಆಸ್ಪತ್ರೆಯೇ ಒಳ್ಳೆಯದು. ಮೂಳೆ ಕೂಡಿಕೊಂಡಿದ್ದರೆ ಪ್ಲೇಟ್ ತೆಗೆಯಬಹುದು. ತೂತು ಹೊಲಿದು, ಕೆಲವೊಮ್ಮೆ ಕತ್ತಿನ ಸ್ನಾಯುವನ್ನೇ ತಿರುಗಿಸಿ ಮೇಲೆ ಮುಚ್ಚುತ್ತಾರೆ. ಮಾವ ಮೂರು ವಾರ ಮೂಗಿನ ಪೈಪಿನಲ್ಲೇ ಊಟ ಮಾಡಿದರು. ಆಮೇಲೆ ಮತ್ತೊಂದು ಸಲ ಔಷಧ ಕುಡಿಸಿ, ಎಲ್ಲೂ ಸೋರುತ್ತಿಲ್ಲ ಅಂತ ನೋಡಿದ ಮೇಲೆಯೇ ಗಂಜಿ ಕೊಟ್ಟರು. ಮುದ್ದೆ ಯಾವಾಗ ಅಂತ ಅವರು ಅವತ್ತೇ ಕೇಳಿದರು.