ಸೋರುವ ನಲ್ಲಿಗೆ ವಾಷರ್ ಹಾಕುವುದು

ನಲ್ಲಿ ತೊಟ್ಟಿಕ್ಕಿದರೆ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ಮಾಡುವುದು ಅದರ ಕುತ್ತಿಗೆ ಹಿಸುಕುವುದು. ಬಿಗಿ ಮಾಡಿದಷ್ಟೂ ಒಳಗಿನ ರಬ್ಬರ್ ಬಿಲ್ಲೆ, ಅಂದರೆ ವಾಷರ್, ಬೇಗ ಹಾಳಾಗುತ್ತದೆ. ಬದಲಿಸಬೇಕಾದದ್ದು ಅದನ್ನೇ.

ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆ ನಮ್ಮದು. ಮೇಲಿನ ತೋಡಿನಿಂದ ಪೈಪ್‌ನಲ್ಲಿ ನೀರು ಇಳಿದು ಟ್ಯಾಂಕಿಗೆ ಬರುತ್ತದೆ. ಮಳೆಗಾಲದಲ್ಲಿ ಜೊತೆಗೆ ನುಣ್ಣನೆ ಮರಳೂ ಬಂದು ವಾಷರನ್ನು ತಿನ್ನುತ್ತದೆ. ಜುಲೈ ಮಳೆಯಲ್ಲಿ ಪೇಟೆಯಿಂದ ಪ್ಲಂಬರ್ ಬಂದ ಹಾಗೇ! ಅದಕ್ಕೇ ಮೇ ತಿಂಗಳಲ್ಲೇ ಅರ್ಧ ಇಂಚಿನ ವಾಷರ್ ಒಂದಷ್ಟು, ಒಂದು ಟೆಫ್ಲಾನ್ ಟೇಪ್ ತಂದಿಡುತ್ತೇನೆ.

ಮೊದಲು ಟ್ಯಾಂಕ್ ಕೆಳಗಿನ ಗೇಟ್ ವಾಲ್ವ್ ಮುಚ್ಚಿ. ನಲ್ಲಿ ಬಿಟ್ಟು, ಪೈಪ್‌ನಲ್ಲಿ ಉಳಿದ ನೀರು ಹೋಗಲಿ. ಸಿಂಕ್ ಆದರೆ ತೂತಿಗೆ ಬಟ್ಟೆ ತುರುಕಿ, ಸ್ಕ್ರೂ ಬಿದ್ದರೆ ಸಿಗುವುದಿಲ್ಲ. ಹಿಡಿಯ ಸ್ಕ್ರೂ ತೆಗೆದು ಹಿಡಿ ಎತ್ತಿ. ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿ. ಇಲ್ಲಿ ಅವಸರ ಬೇಡ. ಇನ್ನೊಂದು ಕೈಯಲ್ಲಿ ನಲ್ಲಿಯ ಮೈ ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಗೋಡೆಯೊಳಗಿನ ಪೈಪೇ ತಿರುಗಿ, ಚಿಕ್ಕ ಕೆಲಸ ದೊಡ್ಡದಾಗುತ್ತದೆ.

ಹಿಡಿಯ ಜೊತೆ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್, ಹೊರಬಂದಾಗ ತುದಿಯ ಕಪ್ಪು ರಬ್ಬರ್ ನೋಡಿ. ನಡುವೆ ಉಂಗುರದಂತೆ ಗೆರೆ ಕೊರೆದಿರುತ್ತದೆ. ಒಮ್ಮೊಮ್ಮೆ ಆ ಗೆರೆಯಲ್ಲೇ ಮರಳಿನ ಕಾಳು ಕೂತಿರುತ್ತದೆ. ಬಿಸಿನೀರಿನ ನಲ್ಲಿಯದ್ದಾದರೆ ರಬ್ಬರ್ ಗಟ್ಟಿಯಾಗಿ ಒಡೆದಿರುತ್ತದೆ. ಅದನ್ನು ಕಿತ್ತು ಹೊಸದು ಕೂರಿಸಿ. ಅಳತೆ ಗೊತ್ತಾಗದಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸಿ. ನಲ್ಲಿಯೊಳಗೆ ವಾಷರ್ ಕೂರುವ ಅಂಚನ್ನು ಬೆರಳಿನಿಂದ ಸವರಿ ನೋಡಿ. ತರಿತರಿ ಇದ್ದರೆ ಹೊಸ ವಾಷರೂ ಜಾಸ್ತಿ ದಿನ ಬಾಳುವುದಿಲ್ಲ, ಅಂಥ ನಲ್ಲಿ ಬದಲಿಸುವುದೇ ಸರಿ.

ತಿರುಗಿ ಜೋಡಿಸುವಾಗ ಸ್ಪಿಂಡಲ್ ತೆರೆದ ಸ್ಥಿತಿಯಲ್ಲಿರಲಿ. ಆಮೇಲೆ ವಾಲ್ವ್ ನಿಧಾನಕ್ಕೆ ಬಿಡಿ.

ನೀರು ಮೂತಿಯಿಂದಲ್ಲ, ಹಿಡಿಯ ಬುಡದಿಂದ ಬರುತ್ತಿದ್ದರೆ ವಾಷರ್ ತಪ್ಪಲ್ಲ. ಅಲ್ಲಿ ಸ್ಪಿಂಡಲ್ ಸುತ್ತ ಇರುವ ಚಿಕ್ಕ ನಟ್, ಅಂದರೆ ಗ್ಲ್ಯಾಂಡ್ ನಟ್, ಸ್ವಲ್ಪ ಬಿಗಿ ಮಾಡಿ. ನಿಲ್ಲದಿದ್ದರೆ ವಾಲ್ವ್ ಮುಚ್ಚಿ ಆ ನಟ್ ಬಿಚ್ಚಿ, ಟೆಫ್ಲಾನ್ ಟೇಪನ್ನು ದಾರದಂತೆ ಹೊಸೆದು ಸ್ಪಿಂಡಲ್ ಸುತ್ತ ಸುತ್ತಿ ಮತ್ತೆ ನಟ್ ಹಾಕಿ.

ಕಾಲು ಸುತ್ತಿಗೇ ತೆರೆಯುವ ಹೊಸ ನಲ್ಲಿಗಳಲ್ಲಿ ಈ ರಬ್ಬರ್ ವಾಷರ್ ಇರುವುದಿಲ್ಲ, ಸೆರಾಮಿಕ್ ಬಿಲ್ಲೆಗಳಿರುತ್ತವೆ. ಆ ಬಿಲ್ಲೆಗಳಿರುವ ಒಳಗಿನ ಕಾರ್ಟ್ರಿಜ್ ಪೂರ್ತಿ ಬದಲಿಸಬೇಕು. ತೋಟದ ಕೆಲಸಗಾರರ ಲೈನ್ ಮನೆ ಹೊರಗೆ ಹಾಕುವ ಪ್ಲಾಸ್ಟಿಕ್ ನಲ್ಲಿಗಂತೂ ಇಷ್ಟೆಲ್ಲ ಕಷ್ಟ ಸುಮ್ನೆ ದಂಡ, ಹೊಸದು ತಂದು ಟೇಪ್ ಸುತ್ತಿ ತಿರುಗಿಸಿಬಿಡಿ.