ಗಲ್ಲಾದ ಹಿಂದೆ ಕೂತು ಡಬ್ಬ ಬರೆದದ್ದು

ಚಿತ್ರ ಬರೆಯಲು ಹೊಸದಾಗಿ ಶುರು ಮಾಡಿದ್ದರೆ ಮುಖ, ಹೂವು, ಗಣಪತಿ ಎಲ್ಲ ಸ್ವಲ್ಪ ದಿನ ಬದಿಗಿಡಿ. ಡಬ್ಬ ಬರೆಯಿರಿ. ಆರು ಮುಖ, ಎಂಟು ಮೂಲೆ, ಹನ್ನೆರಡು ಅಂಚು, ಅಷ್ಟೇ ಇರೋದು. ಅಷ್ಟೇ ಇರುವ ವಸ್ತು ಕಾಗದದ ಮೇಲೆ ನೆಟ್ಟಗೆ ಕೂರಲು ಎಷ್ಟು ಸತಾಯಿಸುತ್ತದೆ ಅಂತ ಬರೆದು ನೋಡಿದವರಿಗೇ ಗೊತ್ತು.

ನಾನು ಮುಂಬಯಿಯ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲಾ ನೋಡಿಕೊಳ್ಳುವವನು. ಜೆ.ಜೆ. ಸ್ಕೂಲ್ ಆಫ್ ಆರ್ಟ್ ಅನ್ನು ಹೊರಗಿನಿಂದ ನೋಡಿದ್ದೇನೆ, ಒಳಗೆ ಕಾಲಿಟ್ಟಿಲ್ಲ. ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆ ಚಾ-ತಿಂಡಿಯವರು ಬರುವ ತನಕ ಒಂದಿಷ್ಟು ಬಿಡುವು ಸಿಗುತ್ತದೆ ನೋಡಿ, ಆ ಹೊತ್ತಿನಲ್ಲಿ ಎ4 ಹಾಳೆ, ಒಂದು ಕಪ್ಪು ಪೆನ್ನು, ಒಂದು ಕೆಂಪು ಪೆನ್ನು ಇಟ್ಟುಕೊಂಡು ಕಲಿತದ್ದು ಇದು. ಅಡುಗೆಮನೆಯ ಭಟ್ರು ಒಂದು ದಿನ ಹಾಳೆ ಎತ್ತಿ ನೋಡಿ, "ಏನು ಮಾರಾಯ್ರೇ, ದಿನಾ ಡಬ್ಬವೇ ಬರೀತೀರಲ್ಲ, ಒಳಗೆ ಏನಾದ್ರೂ ತುಂಬಿಸ್ತೀರಾ?" ಅಂದರು.

ಮೊದಲು ಕಣ್ಣಿನ ಮಟ್ಟ. ಪುಸ್ತಕದಲ್ಲಿ ಹಾರೈಸನ್ ಲೈನ್ ಅಂತಾರೆ. ನನಗೆ ಅದು ಅರ್ಥವಾದದ್ದು ನಮ್ಮ ಸ್ಟೋರ್ ರೂಮಿನಲ್ಲಿ. ಅಲ್ಲಿ 15 ಕಿಲೋದ ಎಣ್ಣೆ ಡಬ್ಬಗಳನ್ನು ಒಂದರ ಮೇಲೊಂದು ಐದು ಪೇರಿಸಿರುತ್ತಾರೆ. ಚೌಕ ತಳ, ಎತ್ತರ ಅದರ ಸುಮಾರು ಒಂದೂವರೆ ಪಟ್ಟು. ಡಬ್ಬದ ಮೂಲೆ ನನ್ನ ಕಡೆ ಬರುವ ಹಾಗೆ ನಿಂತು ನೋಡಿದರೆ ಕೆಳಗಿನ ಡಬ್ಬಗಳ ಅಂಚು ಹಿಂದೆ ಹೋದಂತೆ ಮೇಲಕ್ಕೆ ಏರುತ್ತವೆ. ತೀರಾ ಕೆಳಗಿನದು ಜಾಸ್ತಿ, ಅದರ ಮೇಲಿನದು ಸ್ವಲ್ಪ ಕಡಿಮೆ, ಹೀಗೆ. ಐದನೇ ಡಬ್ಬದ ಮೇಲಂಚು ಮಾತ್ರ ಹಿಂದೆ ಹೋದಂತೆ ಕೆಳಗಿಳಿಯುತ್ತದೆ, ಯಾಕೆಂದರೆ ನಿಂತಾಗ ನನ್ನ ಕಣ್ಣು ಐದನೇ ಡಬ್ಬದ ಮಧ್ಯಕ್ಕೆ ಬರುತ್ತದೆ. ಸ್ಟೂಲ್ ಎಳೆದು ಕೂತರೆ ಇಡೀ ಲೆಕ್ಕ ಒಂದು ಡಬ್ಬ ಕೆಳಗಿಳಿಯುತ್ತದೆ, ಈಗ ನಾಲ್ಕನೆಯದರ ಮೇಲಂಚೇ ಇಳಿಜಾರು. ಡಬ್ಬ ಅಲ್ಲಾಡಿಲ್ಲ, ಅಲ್ಲಾಡಿದ್ದು ನಾನು. ಆದ್ದರಿಂದ ಹಾಳೆಯಲ್ಲಿ ಬೇರೆ ಏನೂ ಬರೆಯುವ ಮೊದಲು ಕಣ್ಣಿನ ಮಟ್ಟದ ಗೆರೆ ಎಲ್ಲಿದೆ ಅಂತ ತೀರ್ಮಾನಿಸಿ.

ನಂಬಿಕೆ ಬರದಿದ್ದರೆ ಚರ್ಚ್‌ಗೇಟ್‌ನಲ್ಲಿ ಇಳಿದು ಮರೀನ್ ಡ್ರೈವ್‌ಗೆ ಹೋಗಿ. ಸಮುದ್ರ ಆಕಾಶ ಸೇರುವ ಗೆರೆಯೇ ನಿಮ್ಮ ಕಣ್ಣಿನ ಮಟ್ಟ. ಅದೇ ಫುಟ್‌ಪಾತಿನಲ್ಲಿ ನಡೆಯುವವರಲ್ಲಿ ನಿಮ್ಮಷ್ಟೇ ಎತ್ತರದವರು ಹತ್ತಿರ ಇರಲಿ ದೂರ ಇರಲಿ, ಆ ಮಟ್ಟ ಎಲ್ಲರ ಕಣ್ಣಿನ ಮೇಲೇ ಹಾದುಹೋಗುತ್ತದೆ. ಕಟ್ಟೆ ಮೇಲೆ ಕೂತರೆ ಅದು ಅವರ ಎದೆಗೋ ಸೊಂಟಕ್ಕೋ ಇಳಿಯುತ್ತದೆ.

ಇನ್ನು ವ್ಯಾನಿಶಿಂಗ್ ಪಾಯಿಂಟ್, ಅಂದರೆ ಒಂದೇ ದಿಕ್ಕಿಗೆ ಹಿಂದೆ ಹೋಗುವ ಅಂಚುಗಳನ್ನು ಉದ್ದಕ್ಕೆ ಎಳೆದರೆ ಅವು ಕೂಡುವ ಬಿಂದು. ನೆಲದ ಮೇಲೆ ಇಟ್ಟ ಎರಡು ಡಬ್ಬ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದರೆ ಒಂದೊಂದಕ್ಕೂ ಅದರದ್ದೇ ಬಿಂದುಗಳಿರುತ್ತವೆ. ಆದರೆ ಅಡ್ಡ ಅಂಚುಗಳ ಬಿಂದುಗಳೆಲ್ಲ ಇರೋದು ಒಂದೇ ಕಣ್ಣಿನ ಮಟ್ಟದ ಗೆರೆಯ ಮೇಲೆ. ಗೋಡೆಗೆ ಓರೆಯಾಗಿ ಒರಗಿಸಿದ ಡಬ್ಬ ಮಾತ್ರ ಈ ಗೆರೆ ಬಿಟ್ಟು ಬೇರೆ ಕಡೆ ಹೋಗುತ್ತದೆ. ನೋಡಿ ಬರೆಯುವಾಗ ಒಂದು ಕಣ್ಣು ಮುಚ್ಚಿ. ಪರ್ಸ್ಪೆಕ್ಟಿವ್, ಅಂದರೆ ದೂರ ಹೋದಂತೆ ಚಿಕ್ಕದಾಗಿ ಕಾಣುವ ಹಾಗೆ ಬರೆಯೋದು, ಒಂದೇ ಕಣ್ಣಿನ ವಿದ್ಯೆ. 15ನೇ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಇದನ್ನು ತೋರಿಸಿಕೊಟ್ಟಾಗಲೂ ಚಿತ್ರದ ಹಲಗೆಯಲ್ಲಿ ತೂತು ಕೊರೆದು, ಹಿಂದಿನಿಂದ ಒಂದು ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡುವ ಏರ್ಪಾಟು ಮಾಡಿದ್ದನಂತೆ.

ನಿಜವಾದ ಅಭ್ಯಾಸ ಇರೋದು ಬಿಂದುಗಳನ್ನು ಹಾಳೆಯಲ್ಲಿ ಗುರುತು ಹಾಕದೆ ಬರೆಯುವುದರಲ್ಲಿ. ನಾನು ಮಾಡುವುದು ಹೀಗೆ. ನಮಗೆ ಹತ್ತಿರದ ಮೂಲೆಯಿಂದ ಮೂರು ಗೆರೆ, ಇಂಗ್ಲಿಷಿನ ವೈ ಅಕ್ಷರದ ಹಾಗೆ. ಈ ಮೂರರ ನಡುವಿನ ಮೂರೂ ಕೋನ 90 ಡಿಗ್ರಿಗಿಂತ ದೊಡ್ಡದಿರಬೇಕು. ಒಂದು ಕಡಿಮೆಯಾದರೂ ಡಬ್ಬ ಯಾರೋ ಕೂತು ಎದ್ದ ಹಾಗೆ ಸೊಟ್ಟಗೆ ಕಾಣುತ್ತದೆ. ಆಮೇಲೆ ಪ್ರತಿ ಗೆರೆಯ ತುದಿಯಿಂದ ಎರಡೆರಡು ಗೆರೆ. ಕಣ್ಣಿಗೆ ಕಾಣುವ ಒಂಬತ್ತು ಅಂಚು ಮುಗಿದವು. ಕಾಣದ ಮೂರನ್ನೂ ಬರೆಯಬೇಕು, ಬಿಡಬಾರದು. ಆ ಮೂರು ಹಿಂದಿನ ಮೂಲೆಯಲ್ಲಿ ಒಂದೇ ಕಡೆ ಸೇರಬೇಕು. ಸೇರೋದಿಲ್ಲ. ಶುರುವಿನಲ್ಲಿ ಯಾರಿಗೂ ಸೇರೋದಿಲ್ಲ, ಅಲ್ಲೊಂದು ಪುಟ್ಟ ತ್ರಿಕೋನ ಉಳಿದುಬಿಡುತ್ತದೆ.

ಈಗ ಕೆಂಪು ಪೆನ್ನು ಮತ್ತು ಸ್ಕೇಲ್. ಹನ್ನೆರಡು ಅಂಚುಗಳು ನಾಲ್ಕು ನಾಲ್ಕರ ಮೂರು ಗುಂಪು. ಪ್ರತಿ ಗುಂಪಿನ ನಾಲ್ಕೂ ಗೆರೆಗಳನ್ನು ನಮ್ಮಿಂದ ದೂರ ಹೋಗುವ ದಿಕ್ಕಿಗೆ, ಅಂದರೆ ವೈಯ ನಡುವಿನಿಂದ ಹೊರಕ್ಕೆ, ಹಾಳೆಯ ಅಂಚಿನ ತನಕ ಎಳೆಯಿರಿ. ನಾಲ್ಕೂ ಒಂದೇ ಕಡೆ ಕೂಡುವ ಹಾಗೆ ಸಾಗುತ್ತಿವೆಯೇ? ಎರಡು ಬೇಗ ಕೂಡಿಕೊಂಡು ಇನ್ನೆರಡು ದೂರ ಸರಿಯುತ್ತಿವೆಯೇ? ಯಾವ ಅಂಚು ತಪ್ಪಿಸಿಕೊಂಡು ಹೋಗಿದೆ ಅಂತ ಕೆಂಪು ಗೆರೆ ಎದುರಿಗೇ ಹೇಳುತ್ತದೆ. ಒಂದೊಂದು ಡಬ್ಬ ಮುಗಿದಾಗಲೇ ಎಳೆಯಬೇಡಿ, ಇಡೀ ಹಾಳೆ ತುಂಬಿದ ಮೇಲೆ ಎಳೆಯಿರಿ, ಮುಂದಿನ ಹಾಳೆಗೆ ಆ ತಪ್ಪನ್ನು ತಲೆಯಲ್ಲಿಟ್ಟುಕೊಂಡು ಕೂರಿ. ಕೆಂಪು ಗೆರೆ ಎಳೆಯದೆ ಎಷ್ಟು ಡಬ್ಬ ಬರೆದರೂ ಹಾಳೆ ಖರ್ಚಾಗುತ್ತದೆ, ಅಷ್ಟೇ. ಇನ್ನೊಂದು ವಿಷಯ: ನಾಲ್ಕರಲ್ಲಿ ಮಧ್ಯದ ಎರಡು ಗೆರೆ ಸಾಮಾನ್ಯವಾಗಿ ಒಂದಕ್ಕೊಂದು ತೀರಾ ಹತ್ತಿರ ಇರುತ್ತವೆ, ಹಾಗಾಗಿ ಅವೆರಡನ್ನು ಹೆಚ್ಚುಕಮ್ಮಿ ಸಮಾನಾಂತರವಾಗಿ ಎಳೆದರೆ ಹಿಂದಿನ ಮೂಲೆ ಅರ್ಧ ಸರಿಹೋಗುತ್ತದೆ.

ಅಕ್ಕನ ಮಗಳು ಇಲ್ಲಿನ ಇಂಟರ್ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಮಹಾರಾಷ್ಟ್ರದಲ್ಲಿ ಅದು ಪಾಸಾದರೆ ಹತ್ತನೇ ಕ್ಲಾಸಿಗೆ ಹೆಚ್ಚುವರಿ ಅಂಕ ಉಂಟು. "ಮಾಮಾ, ಮೊದಲೇ ಸ್ಕೇಲ್ ಇಟ್ಟು ಎಳೀಬಹುದಲ್ವಾ?" ಅಂತ ಕೇಳಿದಳು. ಅವಳ ಜಾಮಿಟ್ರಿ ಪೇಪರಿಗೆ ಎಳೆಯಲೇಬೇಕು. ನನಗೆ ಬೇಡ. ಸ್ಕೇಲ್ ಗೆರೆಯನ್ನು ನೆಟ್ಟಗೆ ಮಾಡುತ್ತದೆ, ದಿಕ್ಕನ್ನು ಕಣ್ಣೇ ಹೇಳಬೇಕು. ಕೈಯಲ್ಲಿ ಎಳೆಯುವಾಗ ಮಣಿಕಟ್ಟು ತಿರುಗಿಸಿದರೆ ಗೆರೆ ಬಾಗುತ್ತದೆ, ಭುಜದಿಂದ ತೋಳು ಪೂರ್ತಿ ಆಡಬೇಕು. ಪೆನ್ನು ತಾಗಿಸದೆ ಗಾಳಿಯಲ್ಲಿ ಎರಡು ಮೂರು ಸಲ ಆ ದಾರಿಯಲ್ಲಿ ಓಡಿಸಿ, ಆಮೇಲೆ ಒಂದೇ ಸಲಕ್ಕೆ ಎಳೆಯಿರಿ. ಪೆನ್ಸಿಲ್ ಬೇಡ ಅನ್ನೋದೂ ಇದಕ್ಕೇ. ರಬ್ಬರ್ ಕೈಗೆ ಸಿಕ್ಕರೆ ಎಳೆಯುವ ಮೊದಲು ಯೋಚಿಸುವುದೇ ನಿಂತುಹೋಗುತ್ತದೆ.

ಗೆರೆ ಎಷ್ಟು ಬೇಗ ಕೂಡುತ್ತದೆ ಅನ್ನೋದರಿಂದ ಡಬ್ಬದ ಗಾತ್ರ ಗೊತ್ತಾಗುತ್ತದೆ. ಜೋರಾಗಿ ಕೂಡಿಸಿದರೆ ಎಣ್ಣೆ ಡಬ್ಬವೂ ಪರೇಲಿನ ಟವರ್ ಹಾಗೆ ತಲೆಯೆತ್ತಿ ನಿಲ್ಲುತ್ತದೆ. ಮೇಜಿನ ಮೇಲಿನ ಸಾಮಾನಿಗೆ ಬಿಂದು ಹಾಳೆಯಿಂದ ಎಷ್ಟೋ ಆಚೆ ಇರಬೇಕು. ಎರಡು ಬಿಂದುಗಳನ್ನು ಹಾಳೆಯೊಳಗೇ ತುರುಕಿದರೆ ಬೇರೆ ತೊಂದರೆ: ಆ ಎರಡನ್ನು ವ್ಯಾಸ ಮಾಡಿಕೊಂಡು ಒಂದು ವೃತ್ತ ಎಳೆದು ನೋಡಿ, ಡಬ್ಬದ ಹತ್ತಿರದ ಮೂಲೆ ಆ ವೃತ್ತದ ಹೊರಗೆ ಬಿದ್ದ ಕೂಡಲೇ ಅಲ್ಲಿನ ಕೋನ 90ಕ್ಕಿಂತ ಕಡಿಮೆಯಾಗುತ್ತದೆ. ಅರ್ಧವೃತ್ತದೊಳಗಿನ ಕೋನ ಲಂಬಕೋನ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಇದಕ್ಕಾದರೂ ಉಪಯೋಗಕ್ಕೆ ಬಂತು.

ಈಗ ಕಾಫಿ ಲೋಟಕ್ಕೆ ಕೈ ಹಾಕಿದ್ದೇನೆ. ಅದನ್ನೂ ಡಬ್ಬದೊಳಗೇ ಕೂರಿಸೋದು. ಮೇಲಿನ ಮುಖಕ್ಕೆ ಎರಡು ಕರ್ಣ ಎಳೆದರೆ ನಡು ಸಿಗುತ್ತದೆ, ಅಲ್ಲಿಂದ ನಾಲ್ಕೂ ಬದಿಯ ಮಧ್ಯ ಹಿಡಿದು, ಅವನ್ನು ಮುಟ್ಟುವ ಹಾಗೆ ಅಂಡಾಕಾರ. ಅದರ ಗಿಡ್ಡ ಅಕ್ಷ ಲೋಟದ ನಡುಗೆರೆಯ ಮೇಲೇ ಬರಬೇಕು, ಇಲ್ಲದಿದ್ದರೆ ಲೋಟ ವಾಲುತ್ತದೆ. ನಮ್ಮ ಲೋಟ ಕೆಳಗೆ ಕಿರಿದು, ಹಾಗಾಗಿ ಡಬ್ಬವನ್ನೂ ಕೆಳಗೆ ಕಿರಿದು ಮಾಡಿಕೊಳ್ಳಬೇಕು. ತಳದ ಅಂಡಾಕಾರ ಅಗಲದಲ್ಲಿ ಚಿಕ್ಕದಾದರೂ ಬಾಯಿಯದಕ್ಕಿಂತ ಹೆಚ್ಚು ದುಂಡಗಿರಬೇಕು, ಯಾಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ.