ವಾಹನವಿಲ್ಲದ ಹೈಡ್ರಾ ದ್ವೀಪಕ್ಕೆ ಹೋಗಿಬರುವುದು ಹೇಗೆ?

ಗ್ರೀಸಿನ ಹೈಡ್ರಾದಲ್ಲಿ ಕಾರು, ಬೈಕಿಗೆ ಪ್ರವೇಶವಿಲ್ಲ. ಕಸದ ಲಾರಿಯಂಥ ಬೆರಳೆಣಿಕೆಯ ಸೇವಾ ವಾಹನ ಬಿಟ್ಟರೆ ಸಾಮಾನು ಹೊರುವುದು ಹೇಸರಗತ್ತೆ. ಜನರಿಗೆ ಕಾಲು, ಇಲ್ಲವೇ ದೋಣಿ. ಇದು ಗೊತ್ತಿದ್ದೂ ದೊಡ್ಡ ಸೂಟ್‌ಕೇಸ್ ತಂದು ಮೆಟ್ಟಿಲ ಬುಡದಲ್ಲಿ ಕಂಗಾಲಾಗುವವರು ಬಹಳ.

1. ಕಾಲ, ಕಾಗದ

ಮೇ ಅಥವಾ ಸೆಪ್ಟೆಂಬರ್ ಕೊನೆ ಆರಿಸಿಕೊಳ್ಳಿ. ಜುಲೈ, ಆಗಸ್ಟ್ ಬೇಡವೇ ಬೇಡ: ಬಿಸಿಲು, ಜನಜಂಗುಳಿ, ಮೇಲಾಗಿ ‘ಮೆಲ್ಟೆಮಿ’ ಎಂಬ ಉತ್ತರದ ಗಾಳಿ. ಗ್ರೀಸೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

2. ಅಥೆನ್ಸಿನಿಂದ ದ್ವೀಪಕ್ಕೆ

ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ ಮೆಟ್ರೊ 3ನೇ ಮಾರ್ಗ ನೇರ ಹೋಗುತ್ತದೆ, ಸುಮಾರು ಒಂದು ಗಂಟೆ. ರಾತ್ರಿ ಇಳಿದವರಿಗೆ ಎಕ್ಸ್96 ಬಸ್ಸಿದೆ. ಪಿರೇಯಸ್‌ನಿಂದ ಹೈಡ್ರಾಕ್ಕೆ ವೇಗದ ದೋಣಿಯಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಹಲವು ದೋಣಿಗಳು ಮೊದಲು ಪೋರೋಸ್ ದ್ವೀಪದಲ್ಲಿ ನಿಲ್ಲುತ್ತವೆ. ಅವಸರಪಟ್ಟು ಅಲ್ಲೇ ಇಳಿಯಬೇಡಿ.

ಗಾಳಿ ಮಿತಿ ಮೀರಿದರೆ ಬಂದರು ಅಧಿಕಾರಿಗಳು ದೋಣಿ ತಡೆಯುತ್ತಾರೆ, ದೊಡ್ಡ ಹಡಗಿಗಿಂತ ಮೊದಲು ನಿಲ್ಲುವುದು ಇಂಥ ವೇಗದ ದೋಣಿಗಳೇ. ಆದ್ದರಿಂದ ದ್ವೀಪದಿಂದ ಬಂದ ದಿನವೇ ವಿಮಾನ ಹತ್ತುವ ಲೆಕ್ಕ ಹಾಕಬೇಡಿ, ನಡುವೆ ಒಂದು ರಾತ್ರಿ ಅಥೆನ್ಸಿನಲ್ಲಿರಲಿ.

3. ಸಾಮಾನು: ಎಲ್ಲರೂ ಎಡವುವುದು ಇಲ್ಲೇ

ತಲೆಗೊಂದು ಬೆನ್ನುಚೀಲ, ತೂಕ ಹತ್ತು ಕಿಲೋ ಮೀರಕೂಡದು. ಬಂದರಿನ ಅಂಚಷ್ಟೇ ಸಪಾಟು. ಅದರ ಹಿಂದೆ ಕಲ್ಲುಹಾಸಿನ ಓಣಿ, ಆಮೇಲೆ ಬರೀ ಮೆಟ್ಟಿಲು. ಕಲ್ಲಿನ ಸಂದಿಗೆ ಸಿಕ್ಕ ಚಕ್ರ ಮೊದಲು ಓರೆಯಾಗುತ್ತದೆ, ಆಮೇಲೆ ಕಳಚುತ್ತದೆ. ಅಗ್ಗದ ಪ್ಲಾಸ್ಟಿಕ್ ಟ್ರಾಲಿಯಂತೂ ಒಂದು ಏರಿಗೂ ಬಾಳುವುದಿಲ್ಲ.

ಕೋಣೆ ಕಾಯ್ದಿರಿಸುವ ಮೊದಲು ‘ಬಂದರಿನಿಂದ ಎಷ್ಟು ನಿಮಿಷ’ ಎಂದು ಕೇಳಬೇಡಿ. ‘ಎಷ್ಟು ಮೆಟ್ಟಿಲು’ ಎಂದು ಕೇಳಿ. ನಿಮಿಷದ ಲೆಕ್ಕ ದಿನವೂ ಹತ್ತಿಳಿಯುವವರ ಕಾಲಿನದು. ಫೋನಿನ ನಕ್ಷೆಯಲ್ಲಿ ದೂರ ಕಾಣುತ್ತದೆ, ಏರು ಕಾಣುವುದಿಲ್ಲ. ‘ಸಮುದ್ರ ನೋಟ’ ಎಂದು ಬರೆದ ಮನೆ ಸಾಮಾನ್ಯವಾಗಿ ಎತ್ತರದಲ್ಲಿರುತ್ತದೆ. ಮೊಣಕಾಲು ನೋವಿದ್ದವರು, ಹಿರಿಯರು ಜೊತೆಗಿರುವವರು ಬಂದರಿನ ಹಿಂದಿನ ಮೊದಲ ಸಾಲಿನ ಓಣಿಗಳಲ್ಲೇ ಉಳಿದುಕೊಳ್ಳಿ.

ಸಾಮಾನು ಹೆಚ್ಚಿದ್ದರೆ ದಂಡೆಯಲ್ಲೇ ಹೇಸರಗತ್ತೆಗಳು ನಿಂತಿರುತ್ತವೆ. ಮನೆಯ ಹೆಸರು ಹೇಳಿ, ಹೇರುವ ಮೊದಲೇ ಬಾಡಿಗೆ ಮಾತಾಡಿ, ಚಿಲ್ಲರೆ ಯೂರೊ ನೋಟು ಕೈಯಲ್ಲಿರಲಿ. ಪಾಸ್‌ಪೋರ್ಟ್, ಔಷಧಿ, ಲ್ಯಾಪ್‌ಟಾಪ್ ಮಾತ್ರ ನಿಮ್ಮ ಹೆಗಲಲ್ಲೇ. ಆ ಬಡಪ್ರಾಣಿಯ ಬೆನ್ನ ಮೇಲೆ ಸವಾರಿ ಬೇಡ. ದಿನವಿಡೀ ಸಿಮೆಂಟು, ನೀರು, ಸೋಫಾ ಹೊರುವುದೂ ಅದೇ. ಓಣಿಗಳಲ್ಲಿ ವಿಳಾಸ ಹಿಡಿದು ಮನೆ ಹುಡುಕುವುದು ಕಷ್ಟ. ಬಂದರಿನ ಗಂಟೆಗೋಪುರದ ಬಳಿ ಬಂದು ಕರೆದೊಯ್ಯುವಂತೆ ಮನೆಯವರಿಗೆ ಮೊದಲೇ ಹೇಳಿಡಿ.

ದ್ವೀಪದ ಸಣ್ಣ ಊರುಗಳಾದ ಕಮೀನಿ, ವ್ಲೀಹೋಸ್ ಕಡೆ ಉಳಿಯುವವರಿಗೆ ದೋಣಿ ಟ್ಯಾಕ್ಸಿ ಅನುಕೂಲ. ಬಾಡಿಗೆ ತಲೆಗಲ್ಲ, ಇಡೀ ದೋಣಿಗೆ. ಅದೇ ದಿಕ್ಕಿಗೆ ಹೋಗುವವರು ಸೇರಿಕೊಂಡರೆ ಹಗುರ.

4. ನಡಿಗೆ, ನೀರು

ಅಡಿಯಲ್ಲಿ ಹಿಡಿತವಿರುವ ಶೂ ಹಾಕಿ. ಸವೆದು ನುಣುಪಾದ ಕಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ. ಕಮೀನಿ ಕರಾವಳಿಗುಂಟ ಇಪ್ಪತ್ತು ನಿಮಿಷ. ಸುಮಾರು 500 ಮೀಟರ್ ಎತ್ತರದ ಪ್ರೊಫೀತಿಸ್ ಇಲಿಯಾಸ್ ಮಠಕ್ಕೆ ಬೆಳಗಿನ ತಂಪಿನಲ್ಲೇ ಹೊರಡಿ, ತಲೆಗೆರಡು ಲೀಟರ್ ನೀರು ಒಯ್ಯಿರಿ.

ಮರಳಿನ ಕಡಲತೀರ ನಿರೀಕ್ಷಿಸಬೇಡಿ. ಇಲ್ಲಿರುವುದು ಬೆಣಚುಕಲ್ಲು, ಬಂಡೆ. ಬಂದರಿನ ಪಕ್ಕದ ಸ್ಪಿಲಿಯಾದಲ್ಲಿ ಬಂಡೆಯಿಂದ ನೇರ ಆಳಕ್ಕೆ ಇಳಿಯುವುದು, ಈಜು ಬಾರದವರು ಅತ್ತ ಹೋಗಲೇಬಾರದು. ಕಲ್ಲಿನ ಮೇಲೆ ಮುಳ್ಳುಜೀವಿ ಕಡಲ ಅರ್ಚಿನ್‌ಗಳಿರುತ್ತವೆ, ರಬ್ಬರ್ ಅಡಿಯ ನೀರಿನ ಶೂ ಬೇಕು.

5. ಊಟ

ಸಸ್ಯಾಹಾರಿಗಳಿಗೆ ಬೇಳೆ ಬೇಯಿಸಿ ಅರೆದ ಫಾವಾ, ದೊಡ್ಡ ಅವರೆಯಂಥ ಗಿಗಾಂಡೆಸ್ ಸಿಗುತ್ತವೆ. ಅಕ್ಕಿ ತುಂಬಿದ ಟೊಮೆಟೊ ಗೆಮಿಸ್ತಾದಲ್ಲಿ ಮಾಂಸವಿದೆಯೇ ಎಂದು ಕೇಳಿಯೇ ತಿನ್ನಿ. ‘ನಿಸ್ತೀಸಿಮೊ’ ಅಂದರೆ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಇಲ್ಲ. ಆದರೆ ಸಿಗಡಿ, ಆಕ್ಟೋಪಸ್ ಆ ಉಪವಾಸಕ್ಕೆ ನಡೆಯುತ್ತವೆ.

6. ಮರಳುವಾಗ

ಹಿಂದಿನ ಸಂಜೆಯೇ ಗಾಳಿಯ ಮುನ್ಸೂಚನೆ, ದೋಣಿಯ ವೇಳೆ ನೋಡಿಕೊಳ್ಳಿ. ಪಿರೇಯಸ್ ದೋಣಿ ಸಿಗದಿದ್ದರೆ ಎದುರು ದಡದ ಮೆಟೋಹಿಗೆ ಸಣ್ಣ ದೋಣಿಗಳು ಹೋಗುತ್ತವೆ, ಅಲ್ಲಿಂದ ಅಥೆನ್ಸಿಗೆ ಟ್ಯಾಕ್ಸಿ ಮಾಡಬೇಕು. ಅರ್ಧ ಗಂಟೆ ಮುಂಚೆ ದಂಡೆಯಲ್ಲಿರಿ: ಬೇರೆ ದ್ವೀಪದಿಂದ ಬರುವ ದೋಣಿ ಇಲ್ಲಿ ನಿಲ್ಲುವುದು ಕೆಲವೇ ನಿಮಿಷ.